ಜೇನಿಗೆ ಮೊದಲ ಪಂಕ್ತಿ

ಹೊಳೆಯ ದಂಡೆಯಲ್ಲಿ ಒಂದು ಮಠ ಇತ್ತು. ಮಠ ಎಂದ ಕೂಡಲೇ ಏನೇನೋ ಊಹಿಸಿಕೊಳ್ಳುವುದು ಬೇಡ. ಅಲ್ಲಿ ಆನೆ ಇರಲಿಲ್ಲ, ಇಂಜಿನಿಯರಿಂಗ್ ಕಾಲೇಜೂ ಇರಲಿಲ್ಲ. ಒಂದು ಹೆಂಚಿನ ಮನೆ, ಹಿಂದೆ ಅರ್ಧ ಎಕರೆ ಹಿತ್ತಲು, ಅಡುಗೆಗೆ ದೇವೀರಮ್ಮ, ಮತ್ತು ವಯಸ್ಸಾದ ಒಬ್ಬ ಗುರುಗಳು. ಆ ಕಡೆಯ ಜನ ಗುರುಗಳನ್ನು ‘ಬುದ್ಧಿ’ ಎಂದು ಕರೆಯುತ್ತಿದ್ದರು.

ಅಲ್ಲಿಗೆ ಒಂದು ದಿನ ಶಿವನಂಜಪ್ಪನವರು ಕಬ್ಬಿಣದ ಟ್ರಂಕಿನೊಂದಿಗೆ ಬಂದಿಳಿದರು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮರುದಿನವೂ ಬೆಳಿಗ್ಗೆ ಐದಕ್ಕೇ ಎದ್ದು, ಸಾಲಾಗಿ ನಿಲ್ಲಿಸಲು ಎದುರಿಗೆ ಯಾರೂ ಇಲ್ಲದ್ದನ್ನು ಕಂಡು, ಇನ್ನು ಮೋಕ್ಷ ಸಂಪಾದಿಸುವುದೇ ಸರಿ ಎಂದು ತೀರ್ಮಾನಿಸಿದ್ದರು.

“ದೀಕ್ಷೆ ಬೇಕು ಬುದ್ಧಿ,” ಎಂದರು.

“ಯಾವಾಗ?”

“ಇವತ್ತೇ ಆದರೆ ಅನುಕೂಲ.”

ಗುರುಗಳು ಅವರನ್ನು ಮೇಲಿಂದ ಕೆಳಗೆ ನೋಡಿದರು. ಇಸ್ತ್ರಿ ಮಾಡಿದ ಪಂಚೆ. ಕತ್ತಿನಲ್ಲಿ ರುದ್ರಾಕ್ಷಿ, ಅದರ ಪಕ್ಕದಲ್ಲೇ ಸೀಟಿ.

“ಹಿತ್ತಲಲ್ಲಿ ಸಿಹಿಕುಂಬಳ ಬೆಳೆಯಿರಿ ಮೇಷ್ಟ್ರೇ. ಅಮಾವಾಸ್ಯೆ ದಾಸೋಹಕ್ಕೆ ಇನ್ನೂರು ಎಲೆ ಬೀಳುತ್ತೆ. ಒಂದು ಅಮಾವಾಸ್ಯೆಯ ಹುಳಿಗೆ ಆಗುವಷ್ಟು ಕಾಯಿ ಕೊಟ್ಟ ದಿನ ದೀಕ್ಷೆ. ಮೂರು ಬೆಳೆ ನೋಡೋಣ. ಆಗದಿದ್ದರೆ ಊರಿಗೆ ಹೋಗಿ, ತಪ್ಪೇನಿಲ್ಲ.”

“ಮೂರು ಯಾಕೆ ಬುದ್ಧಿ, ಒಂದು ಸಾಕು.”

ಮೋಕ್ಷಕ್ಕೂ ಕುಂಬಳಕಾಯಿಗೂ ಏನು ಸಂಬಂಧ ಎಂದು ಮೇಷ್ಟ್ರು ಕೇಳಲಿಲ್ಲ. ಮೇಲಿನವರು ಹೇಳಿದ್ದಕ್ಕೆ ಕಾರಣ ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಕಾರಣ ಕೇಳಿದವರನ್ನು ಮೈದಾನದ ಸುತ್ತ ಓಡಿಸಿ ಅಭ್ಯಾಸವಿತ್ತು.

ಮರುದಿನವೇ ಹಿತ್ತಲಿಗೆ ಇಳಿದರು. ಅಲ್ಲಿನ ಸ್ಥಿತಿ ನೋಡಿ ಅವರಿಗೆ ನಾಚಿಕೆಯಾಯಿತು. ಬದುವಿನ ಮೇಲೆ ಹುಚ್ಚೆಳ್ಳು ತನ್ನಷ್ಟಕ್ಕೆ ಹಳದಿ ಹೂ ಬಿಟ್ಟುಕೊಂಡಿತ್ತು. ಬದನೆ ಗಿಡಗಳ ನಡುವೆ ಚೆಂಡುಹೂ. ಕಾಲಿಟ್ಟಲ್ಲೆಲ್ಲ ತುಂಬೆ. ಯಾರೂ ಯಾವ ಸಾಲಿನಲ್ಲೂ ನಿಂತಿರಲಿಲ್ಲ.

ಎಲ್ಲವನ್ನೂ ಕಿತ್ತರು. ತುಂಬೆ ಮಾತ್ರ ಶಿವನ ಹೂ ಎಂದು ಕೀಳಲಿಲ್ಲ. ಎರಡು ಕುಂಡಗಳಿಗೆ ವರ್ಗಾವಣೆ ಮಾಡಿ ದೇವರ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು.

ದೇವೀರಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು.

“ಅದೇನು ಮೇಷ್ಟ್ರೇ, ಹಿತ್ತಲಿಗೆ ಮುಡಿ ಕೊಡಿಸಿಬಿಟ್ರಿ?”

“ಇದು ತರಕಾರಿ ಜಾಗ ದೇವೀರಮ್ಮ. ಇಲ್ಲಿ ಹೂವಿಗೇನು ಕೆಲಸ?”

“ಹೂವನ್ನೇ ಕೇಳಬೇಕಿತ್ತು.”

ಮೇಷ್ಟ್ರು ಹಗ್ಗ ಕಟ್ಟಿ ಗೆರೆ ಎಳೆದರು. ಆರಡಿಗೊಂದು ಗುಂಡಿ, ಗುಂಡಿಗೆ ಮೂರು ಬೀಜ, ಬೆಳಿಗ್ಗೆ ಒಂದು ಕೊಡ ನೀರು, ಸಂಜೆ ಒಂದು. ಬಳ್ಳಿಗಳು ಛತ್ರಿಯಂಥ ಎಲೆ ಬಿಟ್ಟವು. ದೊಡ್ಡ ದೊಡ್ಡ ಹಳದಿ ಹೂ ಬಿಟ್ಟವು. ಕೆಲವು ಹೂಗಳ ಹಿಂದೆ ಗೋಲಿಯಷ್ಟು ಹೀಚು ಕಾಣಿಸಿತು. ಮೇಷ್ಟ್ರ ಎದೆ ಉಬ್ಬಿತು.

ನಾಲ್ಕು ದಿನಕ್ಕೆ ಹೀಚು ಹಳದಿಗೆ ತಿರುಗಿ ಉದುರಿತು. ಅದರ ಪಕ್ಕದ್ದೂ ಉದುರಿತು.

ನೀರು ಹೆಚ್ಚು ಮಾಡಿದರು, ಉದುರಿತು. ಕಮ್ಮಿ ಮಾಡಿದರು, ಉದುರಿತು. ಗೊಬ್ಬರ ಹಾಕಿದರು. ಎಲೆ ಇನ್ನಷ್ಟು ದೊಡ್ಡದಾಯಿತು, ಹೀಚು ಉದುರಿತು.

“ಬುದ್ಧಿ, ಬಳ್ಳಿಯಲ್ಲಿ ಏನು ದೋಷ ಅಂತ ಒಮ್ಮೆ ನೋಡಬೇಕು.”

ಗುರುಗಳು ಬಂದರು. ಬಳ್ಳಿಯನ್ನು ನೋಡಲಿಲ್ಲ. ಬದುವಿನ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡರು.

“ಏನಾದರೂ ಕೇಳಿಸುತ್ತಾ ಮೇಷ್ಟ್ರೇ?”

ಮೇಷ್ಟ್ರು ಕಿವಿಗೊಟ್ಟರು. “ಏನೂ ಇಲ್ಲ ಬುದ್ಧಿ.”

“ಹೂಂ,” ಎಂದು ಗುರುಗಳು ಎದ್ದು ಹೋದರು.

ಮೇಷ್ಟ್ರಿಗೆ ಬಹಳ ಸಂತೋಷವಾಯಿತು. ಅವರ ವೃತ್ತಿಯಲ್ಲಿ ಐನೂರು ಜನ ನಿಂತ ಮೈದಾನದಲ್ಲಿ ಏನೂ ಕೇಳಿಸದಿರುವುದಕ್ಕಿಂತ ದೊಡ್ಡ ಪ್ರಶಂಸೆ ಇರಲಿಲ್ಲ.

ಆ ಬೆಳೆಗೆ ದಕ್ಕಿದ್ದು ಎರಡು ಕಾಯಿ.

“ಇನ್ನೂರು ಎಲೆಗೆ ಎರಡು,” ಎಂದರು ದೇವೀರಮ್ಮ, ಎರಡನ್ನೂ ಎರಡು ಕೈಯಲ್ಲಿ ತೂಗುತ್ತ. “ಒಂದೊಂದು ಪಂಕ್ತಿಗೂ ಹೊತ್ತುಕೊಂಡು ಹೋಗಿ ತೋರಿಸಿ ಬರ್ತೀನಿ. ನೋಡಿಕೊಂಡು ಅನ್ನ ಕಲಸಿಕೊಳ್ಳಲಿ.”

“ತಮಾಷೆ ಬೇಡ. ನಾನು ಮಾಡಿದ್ದರಲ್ಲಿ ಏನು ಕಮ್ಮಿ ಆಯ್ತು, ಹೇಳಿ.”

“ನಿಮ್ಮದೇನೂ ಕಮ್ಮಿ ಇಲ್ಲ. ಜೇನು ಬರಲಿಲ್ಲ, ಅಷ್ಟೇ. ಗಂಡು ಹೂವಿನ ಹುಡಿ ಹೆಣ್ಣು ಹೂವಿಗೆ ಮುಟ್ಟಬೇಕಲ್ಲ? ಮುಟ್ಟಿಸೋದು ಜೇನು. ಅದಿರೋದು ಹೊಳೆ ಆಚೆ ಹೊಂಗೆ ತೋಪಿನಲ್ಲಿ. ನಿಮ್ಮ ನಾಲ್ಕು ಕುಂಬಳದ ಹೂವಿಗೋಸ್ಕರ ಹೊಳೆ ದಾಟಿ ಬರೋದಕ್ಕೆ ಅದಕ್ಕೇನು ಬೇರೆ ಬದುಕಿಲ್ವಾ? ಹುಚ್ಚೆಳ್ಳು, ತುಂಬೆ ಇದ್ದಾಗ ಬರ್ತಿತ್ತು. ಬಂದದ್ದು ಇದನ್ನೂ ನೋಡಿಕೊಂಡು ಹೋಗ್ತಿತ್ತು.”

ಮೇಷ್ಟ್ರು ನೇರ ಗುರುಗಳ ಬಳಿಗೆ ಹೋದರು.

“ಬುದ್ಧಿ, ಜೇನಿನ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ನನಗೆ ಹೇಳಬಹುದಿತ್ತಲ್ಲ.”

“ಏನಾದರೂ ಕೇಳಿಸುತ್ತಾ ಅಂತ ಕೇಳಿದೆನಲ್ಲ.”

ಮೇಷ್ಟ್ರು ಆ ರಾತ್ರಿ ಊಟ ಬಿಟ್ಟರು. ಬೆಳಿಗ್ಗೆ ಗುದ್ದಲಿ ಹಿಡಿದರು. ಸೋತು ಊರಿಗೆ ಹೋಗುವ ಜಾತಿ ಅವರದಲ್ಲ.

ಎರಡನೆಯ ಬೆಳೆಗೆ ಅವರು ಹೂ ಬೆಳೆದ ರೀತಿ ನೋಡಿದ್ದರೆ ಜೇನುಗಳೇ ಗಾಬರಿಯಾಗಬೇಕಿತ್ತು. ನಾಲ್ಕೂ ಬದುವಿಗೆ ಹುಚ್ಚೆಳ್ಳು. ಕುಂಬಳದ ಎರಡು ಸಾಲಿಗೆ ಒಂದು ಸಾಲು ಚೆಂಡುಹೂ. ನೀರಿನ ಕಾಲುವೆಗುಂಟ ಕಾಮಕಸ್ತೂರಿ. ಕುಂಡದ ತುಂಬೆಗಳನ್ನು ಗೌರವದಿಂದ ಮರಳಿ ನೆಲಕ್ಕೆ ಕರೆತಂದರು. ಎಲ್ಲವೂ ಹಗ್ಗ ಹಿಡಿದ ಗೆರೆಯಲ್ಲಿ, ಎತ್ತರದ ಪ್ರಕಾರ, ಗಿಡ್ಡವು ಮುಂದೆ, ಉದ್ದವು ಹಿಂದೆ.

ಹೂ ಬಿಟ್ಟಿತು. ಹಿತ್ತಲಿಗೆ ಹಿತ್ತಲೇ ಹಳದಿಯಾಯಿತು.

ಆಗ ಮೇಷ್ಟ್ರಿಗೆ ತಾಯಿ ಹೇಳಿಕೊಟ್ಟದ್ದು ನೆನಪಾಯಿತು. ದುಂಬಿ ಮುಟ್ಟಿದ ಹೂ ಎಂಜಲು, ದೇವರಿಗೆ ಸಲ್ಲದು. ಹೂವನ್ನು ಸೂರ್ಯ ಹುಟ್ಟುವುದಕ್ಕೆ ಮುಂಚೆ ಬಿಡಿಸಬೇಕು. ಇಷ್ಟು ಹೂ ಇಟ್ಟುಕೊಂಡು ಗುರುಗಳ ಪೂಜೆಗೆ ಕೊಡದಿರುವುದು ಹೇಗೆ? ಕೊಡುವುದಾದರೆ ಎಂಜಲು ಕೊಡುವುದು ಹೇಗೆ?

ಹೀಗಾಗಿ ದಿನವೂ ಬೆಳಗಾಗುವುದಕ್ಕೆ ಮುಂಚೆ ಬ್ಯಾಟರಿ ಹಿಡಿದು ಹಿತ್ತಲಿಗೆ ಇಳಿದು, ಅರಳಿದ್ದನ್ನೆಲ್ಲ ಬಿಡಿಸಿ, ಹೊತ್ತು ಮೂಡುವಷ್ಟರಲ್ಲಿ ಬುಟ್ಟಿಗಳನ್ನು ದೇವರ ಕೋಣೆಯಲ್ಲಿ ಇಡುತ್ತಿದ್ದರು. ಪೂಜೆಗೆ ಸಲ್ಲದ ಕುಂಬಳದ ಹೂವನ್ನು ಮಾತ್ರ ಬಳ್ಳಿಯಲ್ಲೇ ಬಿಟ್ಟರು. ಒಂದೇ ಕೆಲಸದಲ್ಲಿ ದೇವರಿಗೂ ಆಯಿತು, ಜೇನಿಗೂ ಆಯಿತು ಎಂದು ಅವರ ಲೆಕ್ಕ.

“ಬಹಳ ಹೂ,” ಎನ್ನುತ್ತಿದ್ದರು ಗುರುಗಳು.

“ಒಂದೂ ಬಿಟ್ಟಿಲ್ಲ ಬುದ್ಧಿ.”

“ಕಾಣುತ್ತಿದೆ.”

ಆ ಬೆಳೆಗೆ ಐದು ಕಾಯಿ ಬಂತು. ಅದರಲ್ಲಿ ಒಂದು ಸೊಟ್ಟ.

ಮೇಷ್ಟ್ರು ಬುಟ್ಟಿ ಹಿಡಿದುಕೊಂಡೇ ಗುರುಗಳ ಮುಂದೆ ನಿಂತರು. “ಹೂ ಇದ್ದರೆ ಜೇನು ಬರುತ್ತೆ ಅಂದರು ದೇವೀರಮ್ಮ, ಹಾಕಿದೆ. ಇಡೀ ಸೀಮೆಯಲ್ಲಿ ಇಂಥ ಹೂ ಇಲ್ಲ. ಆದರೂ ಜೇನು ಬರಲಿಲ್ಲ. ಅದಕ್ಕೆ ಶಿಸ್ತಿಲ್ಲ ಬುದ್ಧಿ. ಇನ್ನು ನನಗಿರುವುದು ಒಂದೇ ಬೆಳೆ.”

“ಊಟದ ಹೊತ್ತಿಗೆ ಪಂಕ್ತಿಗೆ ಬನ್ನಿ. ಮಾತಾಡೋಣ.”

ಮಧ್ಯಾಹ್ನ ಪಂಕ್ತಿಯಲ್ಲಿ ಮೇಷ್ಟ್ರು ಕುಳಿತರು. ಗುರುಗಳೇ ಬಡಿಸಲು ಬಂದರು. ಅನ್ನ, ಹುಳಿ, ಮಾವಿನಕಾಯಿ ಚಿತ್ರಾನ್ನ, ಎರಡು ಹಪ್ಪಳ. ಮೇಷ್ಟ್ರು ಕೈ ಮುಗಿದು, ಎಲೆಗೆ ನೀರು ಸುತ್ತಿ, ಕೈ ಹಾಕಬೇಕು ಎನ್ನುವಷ್ಟರಲ್ಲಿ ಗುರುಗಳು ಬಗ್ಗಿ ಎಲೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಹೊರಟರು.

“ಬುದ್ಧಿ, ಎಲೆ?”

“ದೇವರಿಗೆ ಒಪ್ಪಿಸಿದೆ. ನಾಳೆ ಬನ್ನಿ.”

ಪಕ್ಕದವರು ತಮ್ಮ ತಮ್ಮ ಎಲೆಗಳನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.

ಮರುದಿನ ಮೇಷ್ಟ್ರು ಮೊದಲೇ ಬಂದು ಕುಳಿತರು. ಅವತ್ತು ಪಾಯಸ ಇತ್ತು. ಎಲೆ ಬಂತು, ಪಾಯಸ ಬಿತ್ತು, ಎಲೆ ಹೋಯಿತು.

“ನಾಳೆ ಬನ್ನಿ,” ಎಂದರು ಗುರುಗಳು.

ಮೂರನೆಯ ದಿನ ಮೇಷ್ಟ್ರು ಪಂಕ್ತಿಗೆ ಹೋಗಲಿಲ್ಲ. ಕೋಣೆಯಲ್ಲಿ ಕುಳಿತು ನೆನೆಸಿದ ಅವಲಕ್ಕಿ ತಿನ್ನುತ್ತಿದ್ದರು. ಬಾಗಿಲಲ್ಲಿ ಗುರುಗಳು ಬಂದು ನಿಂತರು.

“ಇವತ್ತು ಬರಲಿಲ್ಲ?”

“ಬಂದು ಏನು ಮಾಡಲಿ ಬುದ್ಧಿ? ಬಾ ಅಂತ ಕರೆಯುತ್ತೀರಿ, ಬಡಿಸುತ್ತೀರಿ, ಉಣ್ಣುವುದರೊಳಗೆ ಎತ್ತಿಕೊಳ್ಳುತ್ತೀರಿ.”

“ನಿಮಗೆ ಎಷ್ಟು ದಿನಕ್ಕೆ ಗೊತ್ತಾಯಿತು?”

“ಎರಡು ದಿನಕ್ಕೆ.”

“ಜೇನಿಗೆ ಅಷ್ಟು ಹೊತ್ತು ಹಿಡಿದಿರಲಾರದು,” ಎಂದು ಗುರುಗಳು ಹೋದರು.

ಮೇಷ್ಟ್ರು ಅವಲಕ್ಕಿಯ ಬಟ್ಟಲನ್ನು ಕೆಳಗಿಟ್ಟರು. ಬೆಳಗಾಗುವ ಮುಂಚೆ ತಾವು ಬಿಡಿಸಿದ ಬುಟ್ಟಿಗಟ್ಟಲೆ ಹೂ ನೆನಪಾಯಿತು. ಆಮೇಲೆ ಎದ್ದು, ಉಳಿದ ಅವಲಕ್ಕಿಯನ್ನು ತಿಂದು ಮುಗಿಸಿ, ಮೂರನೆಯ ಬೆಳೆಗೆ ನೆಲ ಅಗೆಯಲು ಹೋದರು.

ಈ ಸಲ ಹಗ್ಗ ಕಟ್ಟಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಟ್ಟಿದರು. ಆದರೆ ಗೆರೆಯ ಆಚೆ ತನ್ನಷ್ಟಕ್ಕೆ ಹುಟ್ಟಿದ ತುಂಬೆಯನ್ನು ನೋಡಿಯೂ ನೋಡದವರಂತೆ ಮುಂದೆ ಹೋದರು. ಅವರ ಮಟ್ಟಿಗೆ ಅದು ಸಣ್ಣ ಮಾತಲ್ಲ.

ಹೂ ಬಿಟ್ಟಿತು. ಒಂದನ್ನೂ ಬಿಡಿಸಲಿಲ್ಲ. ದೇವರ ಕೋಣೆಗೆ ಹೂವಿನ ಬುಟ್ಟಿ ಹೋಗುವುದು ನಿಂತಿತು. ಗುರುಗಳು ಏನೂ ಕೇಳದೆ ಬರೀ ಬಿಲ್ವಪತ್ರೆಯಲ್ಲಿ ಪೂಜೆ ಮುಗಿಸತೊಡಗಿದರು. ಬಂದ ಭಕ್ತರು ದೇವರ ತಲೆ ನೋಡಿ, ಹಿತ್ತಲು ನೋಡಿ, ಮೇಷ್ಟ್ರ ಮುಖ ನೋಡುತ್ತಿದ್ದರು.

“ಅಷ್ಟು ಹೂ ಇಟ್ಟುಕೊಂಡು ದೇವರಿಗೆ ಒಂದಿಲ್ಲವಲ್ಲ,” ಎಂದಳು ಒಬ್ಬ ಹೆಂಗಸು, ಚೆಂಡುಹೂವಿಗೆ ಕೈ ಚಾಚುತ್ತ.

ಮೇಷ್ಟ್ರು ಸೀಟಿ ಊದಿದರು. ಆಕೆ ಮಠಕ್ಕೆ ಮತ್ತೆ ಬಂದದ್ದು ಎರಡು ತಿಂಗಳ ಮೇಲೆ.

ಎಂಟನೆಯ ದಿನ ಒಂದು ಜೇನುಹುಳ ಬಂತು. ಹುಚ್ಚೆಳ್ಳಿನ ಮೇಲೆ ಕುಳಿತು, ಸುತ್ತ ನೋಡಿ, ಹೋಯಿತು. ಮೇಷ್ಟ್ರು ಉಸಿರು ಬಿಗಿಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಹತ್ತು ಬಂದವು. ವಾರ ಕಳೆಯುವಷ್ಟರಲ್ಲಿ ಬೆಳಗಿನ ಹೊತ್ತು ಹಿತ್ತಲಲ್ಲಿ ನಿಂತರೆ ದೂರದಲ್ಲಿ ಗಿರಣಿ ನಡೆಯುತ್ತಿರುವಂತೆ ಕೇಳಿಸುತ್ತಿತ್ತು. ಸಾಲಿಲ್ಲ, ಸರದಿಯಿಲ್ಲ, ಒಂದರ ಮೇಲೊಂದು ನುಗ್ಗುವುದು. ಕಪ್ಪು ದುಂಬಿಗಳಂತೂ ಕುಂಬಳದ ಹೂವಿನೊಳಗೆ ಬಿದ್ದು ಹೊರಳಿ, ಮೈಯೆಲ್ಲ ಹುಡಿ ಮಾಡಿಕೊಂಡು, ತೂರಾಡುತ್ತ ಪಕ್ಕದ ಹೂವಿಗೆ ಹೋಗುತ್ತಿದ್ದವು. ತಮ್ಮ ಇಡೀ ವೃತ್ತಿಜೀವನದಲ್ಲಿ ಮೇಷ್ಟ್ರು ಇಂಥ ಅಶಿಸ್ತನ್ನು ಕಂಡಿರಲಿಲ್ಲ. ಕೈ ಕಟ್ಟಿ ನಿಂತು ನೋಡಿದರು.

ಹೆಣ್ಣು ಹೂಗಳು ಒಟ್ಟಿಗೆ ಅರಳತೊಡಗಿದ್ದು ಒಂದು ಸೋಮವಾರ. ಅವತ್ತು ಬೆಳಕು ಹರಿಯುವ ಹೊತ್ತಿಗೆ ಗುರುಗಳು ತಾವೇ ಹಿತ್ತಲಿಗೆ ಬಂದರು. ಕೈಯಲ್ಲಿ ಬುಟ್ಟಿ ಇತ್ತು. ಹೂಬುಟ್ಟಿಯಲ್ಲ, ದಾಸೋಹಕ್ಕೆ ಅನ್ನ ಬಸಿಯುವ ದೊಡ್ಡ ಬುಟ್ಟಿ.

“ಸೋಮವಾರ,” ಎಂದರು. “ತಿಂಗಳಾಯಿತು ದೇವರು ಹೂ ಕಂಡು. ಇವತ್ತು ಇದು ತುಂಬಬೇಕು.”

ಮೇಷ್ಟ್ರು ಬುಟ್ಟಿ ನೋಡಿದರು. ಅದು ತುಂಬಬೇಕಾದರೆ ಹಿತ್ತಲಿನಲ್ಲಿ ಒಂದು ಹೂವೂ ಉಳಿಯುವುದಿಲ್ಲ. ಇವತ್ತು ಬಂದ ಜೇನು ಬರಿಗೈಯಲ್ಲಿ ಹೊಳೆ ದಾಟಿ ಹಿಂದೆ ಹೋಗುತ್ತದೆ. ಮತ್ತೆ ಬರುವಷ್ಟರಲ್ಲಿ ಹೆಣ್ಣು ಹೂಗಳ ಕಾಲ ಮುಗಿದಿರುತ್ತದೆ. ಹೋಗುವುದು ಕೊನೆಯ ಬೆಳೆ, ಅದರೊಂದಿಗೆ ದೀಕ್ಷೆ. ಗುರುಗಳನ್ನು ತಡೆದರೆ ಬೆಳೆ ಉಳಿಯುತ್ತದೆ. ಆದರೆ ಗುರುವನ್ನೇ ತಡೆದವನಿಗೆ ದೀಕ್ಷೆ ಕೊಡುವವರು ಯಾರು?

ಗುರುಗಳು ಚೆಂಡುಹೂವಿಗೆ ಕೈ ಹಾಕಿದರು.

ಮೇಷ್ಟ್ರು ಅವರ ಮಣಿಕಟ್ಟು ಹಿಡಿದುಕೊಂಡರು. ಗುರುವಿನ ಕೈ ಹಿಡಿದವನಿಗೆ ಯಾವ ನರಕ ಎಂದು ಅವರಿಗೆ ಗೊತ್ತಿರಲಿಲ್ಲ. ಒಂದು ಇದ್ದೇ ಇರುತ್ತದೆ ಎನ್ನುವುದು ಗೊತ್ತಿತ್ತು.

“ಬೇಡ ಬುದ್ಧಿ.”

“ಏನು?”

“ಬೇಡ. ಅವುಗಳ ಊಟ ಆಗಲಿ. ಆಮೇಲೆ ಪೂಜೆ.”

“ಆಮೇಲೆ ಉಳಿಯುವುದು ಎಂಜಲು ಹೂ ಮೇಷ್ಟ್ರೇ.”

“ಹೌದು ಬುದ್ಧಿ. ಎಂಜಲೇ.”

“ಪೂಜೆ ಆಗದೆ ಈ ಮಠದಲ್ಲಿ ಯಾರೂ ಬಾಯಿಗೆ ನೀರು ಹಾಕುವುದಿಲ್ಲ. ಗೊತ್ತಲ್ಲ?”

“ಗೊತ್ತು.”

ಗುರುಗಳು ಒಂದು ಕ್ಷಣ ಅವರ ಮುಖ ನೋಡಿದರು. ಕೈ ಬಿಡಿಸಿಕೊಂಡು, ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕುಳಿತರು.

ಸೂರ್ಯ ಮೇಲೆ ಬಂದ. ಜೇನು ಬಂದವು. ಅವಕ್ಕೆ ಸೋಮವಾರ ಎನ್ನುವುದು ಗೊತ್ತಿದ್ದಂತೆ ಕಾಣಲಿಲ್ಲ.

ಎಂಟಕ್ಕೆ ದೇವೀರಮ್ಮ ಬಂದರು. “ಬುದ್ಧಿ, ಉಪ್ಪಿಟ್ಟು ಆರುತ್ತಾ ಇದೆ.”

“ಮೇಷ್ಟ್ರನ್ನ ಕೇಳಿ,” ಎಂದರು ಗುರುಗಳು.

ಮೇಷ್ಟ್ರು ಜೇನುಗಳ ಕಡೆ ಕೈ ತೋರಿಸಿದರು.

ಒಂಬತ್ತೂವರೆಗೆ ದೇವೀರಮ್ಮ ಮತ್ತೆ ಬಂದರು. “ಉಪ್ಪಿಟ್ಟು ಗಟ್ಟಿಯಾಗಿ ಇಟ್ಟಿಗೆ ಆಗಿದೆ. ಗೋಡೆ ಕಟ್ಟಿಸೋದಿದ್ದರೆ ಹೇಳಿ. ಜಗಲಿಯಲ್ಲಿ ಹದಿನಾಲ್ಕು ಜನ ಹಸಿದು ಕೂತಿದ್ದಾರೆ, ಅದರಲ್ಲಿ ಒಬ್ಬರು ಅಮಲ್ದಾರರ ಮಾವ.”

ಮೇಷ್ಟ್ರ ಹಣೆಯಲ್ಲಿ ಬೆವರಿತ್ತು. ಹೆಗಲಿನ ಟವಲು ತೆಗೆದು, ಇನ್ನೇನು ಬೀಸಿ ಹುಳಗಳಿಗೆ ಸ್ವಲ್ಪ ಬೇಗ ಮಾಡಿ ಎನ್ನಬೇಕು ಅನ್ನಿಸಿತು. ಟವಲನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡರು.

“ಇನ್ನೂ ಆಗಿಲ್ಲ ದೇವೀರಮ್ಮ,” ಎಂದರು. “ಆ ಮೂಲೆಯವು ಇನ್ನೂ ತಿನ್ನುತ್ತಾ ಇವೆ.”

ಹನ್ನೊಂದರ ಹೊತ್ತಿಗೆ ಬಿಸಿಲು ಚುರುಕಾಯಿತು. ಕುಂಬಳದ ಹೂಗಳು ಒಂದೊಂದಾಗಿ ಮುದುಡಿಕೊಂಡವು. ಜೇನು ಹೊಳೆಯಾಚೆಗೆ ಹೋದವು. ಹಿಂದೆ ಉಳಿದಿದ್ದ ಒಂದೆರಡು ಕೂಡ ಹೋದವು.

“ಈಗ?” ಎಂದರು ಗುರುಗಳು.

“ಈಗ ತಗೊಳ್ಳಿ ಬುದ್ಧಿ.”

ಗುರುಗಳು ಎದ್ದರು. ಒಂದೇ ಒಂದು ಚೆಂಡುಹೂವನ್ನು ಕಿತ್ತು, ಇಪ್ಪತ್ತು ಸೇರಿನ ಬುಟ್ಟಿಯ ನಡುವೆ ಇಟ್ಟು, ಬುಟ್ಟಿಯನ್ನು ಹೊತ್ತುಕೊಂಡು ಪೂಜೆಗೆ ಹೋದರು.

ಮೇಷ್ಟ್ರು ಹಿಂದೆ ಹೋಗಿ ಬಾಗಿಲಲ್ಲಿ ಅಡ್ಡಬಿದ್ದರು. “ತಪ್ಪಾಯಿತು ಬುದ್ಧಿ.” ಒಳಗಿನಿಂದ ಗಂಟೆಯ ಸದ್ದಲ್ಲದೆ ಬೇರೇನೂ ಬರಲಿಲ್ಲ.

ಅಂದು ಸಂಜೆ ಅವರು ಟ್ರಂಕಿಗೆ ಬಟ್ಟೆ ತುಂಬಿದರು. ದೀಕ್ಷೆಯ ಮಾತು ಮುಗಿಯಿತು ಎನ್ನುವುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆದರೆ ಹೊರಡಲಿಲ್ಲ. ಒಪ್ಪಿಕೊಂಡದ್ದು ಒಂದು ಅಮಾವಾಸ್ಯೆಯ ಕುಂಬಳಕಾಯಿ. ಅದನ್ನು ಒಪ್ಪಿಸುವುದು, ಟ್ರಂಕು ಎತ್ತುವುದು. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಹೂವಿಗೆ ಕೈ ಹಾಕಿದವರಿಗೆ ಸೀಟಿ.

ಹೀಚು ಉದುರಲಿಲ್ಲ. ಗೋಲಿ ನಿಂಬೆಯಾಯಿತು, ನಿಂಬೆ ತೆಂಗಿನಕಾಯಾಯಿತು. ಆಮೇಲೆ ದೇವೀರಮ್ಮ ಹೋಲಿಸಲು ಪಾತ್ರೆಗಳನ್ನು ಹುಡುಕಬೇಕಾಯಿತು.

ಅಮಾವಾಸ್ಯೆಯ ಹಿಂದಿನ ದಿನ ಮೇಷ್ಟ್ರು ಕಾಯಿಗಳನ್ನು ಅಡುಗೆಮನೆಗೆ ಹೊತ್ತರು. ಹೊತ್ತದ್ದು ಸಂಜೆಯವರೆಗೂ ಮುಗಿಯಲಿಲ್ಲ.

“ಸಾಕು ಮೇಷ್ಟ್ರೇ,” ಎಂದರು ದೇವೀರಮ್ಮ. “ಇನ್ನು ತಂದರೆ ನಾನು ಹೊರಗೆ ಮಲಗಬೇಕು.”

ಇನ್ನೂರು ಎಲೆಗೂ ಹುಳಿ ಬಿತ್ತು. ಕೆಲವರು ಎರಡು ಸಲ ಬಡಿಸಿಕೊಂಡರು. ಅಮಲ್ದಾರರ ಮಾವ ಮೂರು ಸಲ.

ಊಟ ಮುಗಿದ ಮೇಲೆ ಗುರುಗಳಿಂದ ಕರೆ ಬಂತು.

ದೀಕ್ಷೆ ಎಂದರೆ ಗುರು ಶಿಷ್ಯನ ಬಲಗಿವಿಯಲ್ಲಿ ಮಂತ್ರ ಹೇಳುವುದು. ಕರೆದದ್ದು ದೀಕ್ಷೆಗೋ ಬೀಳ್ಕೊಡುವುದಕ್ಕೋ ಮೇಷ್ಟ್ರಿಗೆ ತಿಳಿಯಲಿಲ್ಲ. ಎರಡಕ್ಕೂ ಇರಲಿ ಎಂದು ಸ್ನಾನ ಮಾಡಿ, ವಿಭೂತಿ ಧರಿಸಿ, ಬಲಗಿವಿಯನ್ನು ವಿಶೇಷವಾಗಿ ತೊಳೆದುಕೊಂಡು, ಟ್ರಂಕನ್ನು ಬಾಗಿಲ ಹೊರಗೆ ಇಟ್ಟು ಒಳಗೆ ಹೋದರು.

ಗುರುಗಳು ಗದ್ದುಗೆಯಿಂದ ಇಳಿದು ಚಾಪೆಯ ಮೇಲೆ ಕುಳಿತಿದ್ದರು.

“ಕೂತ್ಕೊಳ್ಳಿ. ಅವತ್ತು ಸೋಮವಾರ ನನ್ನ ಕೈ ಹಿಡಿದು ಏನಂದಿರಿ?”

“ತಪ್ಪಾಯಿತು ಅಂದೆ ಬುದ್ಧಿ.”

“ಅದಲ್ಲ. ಅದಕ್ಕೆ ಮುಂಚೆ.”

“ಬೇಡ ಬುದ್ಧಿ ಅಂದೆ. ಅವುಗಳ ಊಟ ಆಗಲಿ, ಆಮೇಲೆ ಪೂಜೆ ಅಂದೆ.”

ಇನ್ನು ಮುಚ್ಚಿಡುವುದೇನೂ ಇರಲಿಲ್ಲ. ಬರುವುದು ಬರಲಿ ಎಂದು ಮೇಷ್ಟ್ರು ಕಣ್ಣು ಮುಚ್ಚಿ, ಕತ್ತು ಬಾಗಿಸಿ, ತಮ್ಮ ಬಲಗಿವಿಯನ್ನು ಗುರುಗಳ ಕಡೆಗೆ ತಿರುಗಿಸಿದರು.

ಏನೂ ಬರಲಿಲ್ಲ. ಕಣ್ಣು ತೆರೆದು ನೋಡಿದರೆ, ಗುರುಗಳು ಚಾಪೆಯ ಮೇಲೆ ಮುಂದೆ ಸರಿದು, ಕಿವಿಯ ಮೇಲಿನ ಬಿಳಿಕೂದಲನ್ನು ಹಿಂದೆ ಮಾಡಿಕೊಂಡು, ತಮ್ಮ ಬಲಗಿವಿಯನ್ನು ಮೇಷ್ಟ್ರ ಬಾಯಿಯ ಹತ್ತಿರ ಹಿಡಿದಿದ್ದರು.

“ಇನ್ನೊಂದು ಸಲ ಹೇಳಿ ಮೇಷ್ಟ್ರೇ, ಮೆಲ್ಲಗೆ. ನಮ್ಮ ಗುರುಗಳು ಹೋದ ಮೇಲೆ ನನಗೆ ‘ಬೇಡ’ ಅಂದವರು ಒಬ್ಬರೂ ಇರಲಿಲ್ಲ.”